ಎಲ್ಲ ಹಾವಿಗೂ ಒಂದೇ ಮದ್ದು? ನಮ್ಮ ಕೊಳಕುಮಂಡಲ ಆ ಪಟ್ಟಿಯಲ್ಲಿಲ್ಲ

ಮಾನ್ಯ ಸಂಪಾದಕರೇ,

ನಮ್ಮೂರ ಹಾಲಿನ ಡೇರಿಯ ಗೋಡೆಗೆ ಯಾರೋ ಒಂದು ಪತ್ರಿಕೆಯ ತುಣುಕು ಅಂಟಿಸಿದ್ದಾರೆ. ಯಾವ ಪತ್ರಿಕೆ ಎಂದು ಹೇಳುವುದಿಲ್ಲ, ತುಣುಕಿನಲ್ಲಿ ಹೆಸರೂ ಇಲ್ಲ. 'ಎಲ್ಲ ಹಾವಿಗೂ ಒಂದೇ ಮದ್ದು' ಅಂತ ದಪ್ಪ ಅಕ್ಷರ. ಕೆಳಗೆ ಹೆಡೆ ಎತ್ತಿದ ನಾಗರಹಾವಿನ ಚಿತ್ರ. ಕ್ಯಾನ್ ಇಳಿಸುತ್ತಿದ್ದ ಹುಡುಗ ನನ್ನನ್ನು ನಿಲ್ಲಿಸಿ, "ಅಮ್ಮ, ಇನ್ನು ಯಾವ ಹಾವು ಕಚ್ಚಿದ್ರೂ ಭಯ ಇಲ್ವಂತೆ" ಎಂದ. ಅವನಿಗೆ ಉತ್ತರ ಕೊಡಲು ಹೋಗಿ ಒಂದು ಗಂಟೆ ಆಯಿತು, ಹಾಲು ಹಾಕಲು ಬಂದವರೆಲ್ಲ ಸುತ್ತ ನಿಂತರು. ಅಲ್ಲಿ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. 2019ರಲ್ಲಿ ನಿವೃತ್ತಿ ಆಯಿತು. ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಹಾವು ಕಚ್ಚಿದವರ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ, ಗಡಿಯಾರ ನೋಡುತ್ತಾ ಕೂತಿದ್ದು ಎಷ್ಟು ಸಲವೋ ಲೆಕ್ಕ ಇಟ್ಟಿಲ್ಲ. ಅವುಗಳಲ್ಲಿ ಒಂದು ಟ್ಯೂಬು ನನ್ನ ಸ್ವಂತ ತಮ್ಮನದು.

ಮೊದಲು ಆ ಸುದ್ದಿಯ ವಿಷಯ. ಅದು ಸುಳ್ಳಲ್ಲ. ಅಮೆರಿಕದಲ್ಲಿ ಟಿಮ್ ಫ್ರೀಡ್ ಎಂಬ ಮನುಷ್ಯ ಸುಮಾರು 18 ವರ್ಷ ಕಾಲ, 800ಕ್ಕೂ ಹೆಚ್ಚು ಸಲ, ಬೇರೆ ಬೇರೆ ಹಾವಿನ ವಿಷವನ್ನು ತನ್ನ ಮೈಗೆ ತಾನೇ ಚುಚ್ಚಿಕೊಂಡ, ಬೇಕೆಂದೇ ಹಾವಿನಿಂದ ಕಚ್ಚಿಸಿಕೊಂಡ. (ಇದನ್ನು ಓದಿ ಯಾರೂ ಹಾಗೆ ಮಾಡಲು ಹೋಗಬೇಡಿ, ಸುಮ್ನೆ ಸಾಯುತ್ತೀರಿ.) ಅವನ ರಕ್ತದಿಂದ ಎರಡು ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ವಿಜ್ಞಾನಿಗಳು ಹುಡುಕಿ ತೆಗೆದರು. ಜೊತೆಗೆ ವರೆಸ್ಪ್ಲಾಡಿಬ್ ಎಂಬ ಔಷಧ ಸೇರಿಸಿದರು. ಈ ಮೂರರ ಮಿಶ್ರಣವನ್ನು 19 ಜಾತಿ ಹಾವುಗಳ ವಿಷಕ್ಕೆ ಎದುರಾಗಿ ಇಲಿಗಳಲ್ಲಿ ಪರೀಕ್ಷೆ ಮಾಡಿದರು. 13 ಹಾವುಗಳ ವಿಷದಿಂದ ಪೂರ್ತಿ ರಕ್ಷಣೆ ಸಿಕ್ಕಿತು, 6ರಿಂದ ಅರ್ಧಂಬರ್ಧ. 2025ರ ಮೇ ತಿಂಗಳಲ್ಲಿ 'ಸೆಲ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಇದು ಬಂತು. ದೊಡ್ಡ ಕೆಲಸ. ಓದಿದ ದಿನ ನನಗೂ ಖುಷಿಯಾಗಿತ್ತು.

ಆದರೆ ಆ 19 ಹಾವುಗಳೂ ಒಂದೇ ಮನೆತನದವು. ನಾಗರಹಾವು, ಕಟ್ಟುಹಾವು, ಆಫ್ರಿಕಾದ ಮಾಂಬಾ ಎಲ್ಲ ಸೇರುವ ಮನೆತನ. ಮಂಡಲದ ಜಾತಿಯ ಒಂದು ಹಾವೂ ಅದರಲ್ಲಿಲ್ಲ. ನಮ್ಮ ಗದ್ದೆ ಬದುವಿನಲ್ಲಿ, ಕಬ್ಬಿನ ತರಗಿನ ಕೆಳಗೆ, ಹುಲ್ಲಿನ ಮೆದೆಯ ಬುಡದಲ್ಲಿ ಮಲಗಿ ಕುಕ್ಕರ್ ಸೀಟಿಯ ಹಾಗೆ ಬುಸುಗುಡುವುದು ಯಾವುದು? ಕೊಳಕುಮಂಡಲ. ನನ್ನ ಲ್ಯಾಬಿಗೆ ಬಂದ ಕೆಟ್ಟ ಟ್ಯೂಬುಗಳಲ್ಲಿ ಜಾಸ್ತಿ ಅದರವೇ. ಆ ಹೊಸ ಮದ್ದು ಇಲಿಯನ್ನು ದಾಟಿ ಮನುಷ್ಯರಿಗೆ ನಾಳೆಯೇ ಬಂದರೂ, ಅದನ್ನು ನಂಬಿಕೊಂಡು ಗದ್ದೆಗೆ ಇಳಿಯುವ ನಮ್ಮ ಹುಡುಗನನ್ನು ಕೊಳಕುಮಂಡಲದಿಂದ ಅದು ಉಳಿಸುತ್ತದೆ ಎಂದು ಯಾರೂ ತೋರಿಸಿಲ್ಲ.

ವಿಷ ಅಂದರೆ ಎಲ್ಲ ಒಂದೇ ಎಂದು ನಮ್ಮ ಜನ ತಿಳಿದಿದ್ದಾರೆ. ಹಾಗಲ್ಲ. ನಾಗರಹಾವಿನ ವಿಷದಲ್ಲಿ ಮುಖ್ಯವಾದದ್ದು ಒಂದು ಪುಟ್ಟ ಪ್ರೋಟೀನು, ಮೂರು ಬೆರಳು ಚಾಚಿದ ಹಾಗೆ ಅದರ ಆಕಾರ. ನರ ಬಂದು ಸ್ನಾಯುವಿಗೆ "ಅಲ್ಲಾಡು" ಎಂದು ಹೇಳುವ ಜಾಗದಲ್ಲಿ ಒಂದು ಬೀಗ ಇರುತ್ತದೆ. ಈ ವಿಷ ಹೋಗಿ ಆ ಬೀಗದೊಳಗೆ ಕೂತುಬಿಡುತ್ತದೆ. ಸರಿಯಾದ ಕೀಲಿಗೆ ಜಾಗ ಇಲ್ಲ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಮೂರು ಬೆರಳಿನ ಈ ಪ್ರೋಟೀನು ಆ ಮನೆತನದ ಹಾವುಗಳಲ್ಲೆಲ್ಲ ಹೆಚ್ಚು ಕಡಿಮೆ ಒಂದೇ ಥರ. ಹಾಗಾಗಿ ಒಂದು ಆಂಟಿಬಾಡಿ ಹಲವು ಹಾವುಗಳಿಗೆ ಆಗುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ 2024ರಲ್ಲಿ ಇಂಥದೇ ಒಂದು ಆಂಟಿಬಾಡಿ ಪ್ರಕಟಿಸಿದರು. ಅದರ ಚಮತ್ಕಾರ ನನಗೆ ಬಹಳ ಹಿಡಿಸಿತು. ಅದು ನಮ್ಮ ಮೈಯ ಬೀಗದ ವೇಷವನ್ನೇ ಹಾಕಿಕೊಂಡು ನಿಲ್ಲುತ್ತದೆ. ವಿಷ ಮೋಸಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ. ಕುದುರೆ ಬೇಕಿಲ್ಲ, ಲ್ಯಾಬಿನಲ್ಲೇ ತಯಾರಿಸಬಹುದು. 2025ರ ಜನವರಿಯಲ್ಲಿ ಡೇವಿಡ್ ಬೇಕರ್ ಅವರ ತಂಡ, ಅದೇ ಹಿಂದಿನ ವರ್ಷ ನೊಬೆಲ್ ಬಂದವರು, ಕಂಪ್ಯೂಟರಿನಲ್ಲೇ ಹೊಸ ಪ್ರೋಟೀನು ವಿನ್ಯಾಸ ಮಾಡಿ ಇದೇ ಮೂರು ಬೆರಳನ್ನು ಹಿಡಿದು ತೋರಿಸಿತು. ನೋಡಿ, ಎಲ್ಲರೂ ಇದೇ ಬೆರಳಿನ ಹಿಂದೆ.

ಕೊಳಕುಮಂಡಲದ ವಿಷ ಹೀಗೆ ಒಂದೇ ಕೀಲಿಯಲ್ಲ. ಅದು ಕಳ್ಳರ ಗುಂಪು, ಒಬ್ಬೊಬ್ಬನಿಗೆ ಒಂದೊಂದು ಕೆಲಸ. ನಮ್ಮ ಕನ್ನಡದಲ್ಲಿ ಹಾಲಿಗೂ ರಕ್ತಕ್ಕೂ ಒಂದೇ ಮಾತು, 'ಹೆಪ್ಪು'. ಅದನ್ನೇ ಹಿಡಿದು ಡೇರಿಯಲ್ಲಿ ವಿವರಿಸಿದೆ. ರಕ್ತದಲ್ಲಿ ಹೆಪ್ಪಾಗುವ ಸಾಮಾನುಗಳು ಇರುತ್ತವೆ, ಗಾಯ ಆದಾಗ ಮಾತ್ರ ಒಂದಾದ ಮೇಲೊಂದು ಎದ್ದು ಕೆಲಸ ಮಾಡುತ್ತವೆ. ಈ ಹಾವಿನ ವಿಷದಲ್ಲಿ ಹತ್ತನೇ ನಂಬರಿನ ಸಾಮಾನನ್ನು ನೇರವಾಗಿ ಎಬ್ಬಿಸುವ ಒಂದು ಕಿಣ್ವ ಇದೆ, ಐದನೆಯದನ್ನು ಎಬ್ಬಿಸುವ ಇನ್ನೊಂದಿದೆ. ಗಾಯವೇ ಇಲ್ಲದ ಕಡೆಯೂ ಮೈತುಂಬ ಸಣ್ಣ ಸಣ್ಣ ಹೆಪ್ಪು. ಒಂದೆರಡು ಗಂಟೆಯಲ್ಲಿ ಇದ್ದ ಸಾಮಾನೆಲ್ಲ ಖರ್ಚು. ಆಮೇಲೆ ನಿಜವಾಗಿ ಹೆಪ್ಪು ಬೇಕಾದಾಗ ಏನೂ ಉಳಿದಿರುವುದಿಲ್ಲ. ವಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ. ಇದರ ಜೊತೆ ಮಾಂಸ ಕೊಳೆಸುವ ಕಿಣ್ವಗಳು ಬೇರೆ, ಮೂತ್ರಪಿಂಡಕ್ಕೆ ಏಟು ಬೇರೆ.

ಒಂದು ವಿಚಿತ್ರ ಹೇಳಲೇಬೇಕು. ಇದೇ ಕೊಳಕುಮಂಡಲದ ವಿಷವನ್ನು ತೆಳ್ಳಗೆ ಮಾಡಿ ದೊಡ್ಡ ಲ್ಯಾಬುಗಳಲ್ಲಿ ರಕ್ತಪರೀಕ್ಷೆಗೆ ಬಳಸುತ್ತಾರೆ. ಮತ್ತೆ ಮತ್ತೆ ಗರ್ಭ ಇಳಿಯುವ ಹೆಣ್ಣುಮಕ್ಕಳಿಗೆ ಬರೆಯುವ ಪರೀಕ್ಷೆಗಳಲ್ಲಿ ಅದೂ ಒಂದು. ನಮ್ಮ ತಾಲ್ಲೂಕು ಲ್ಯಾಬಿಗೆ ಅದು ಬರಲಿಲ್ಲ. ಒಮ್ಮೆ ಮೈಸೂರಿನಲ್ಲಿ ಫ್ರಿಜ್ಜಿನೊಳಗೆ ಆ ಪುಟ್ಟ ಬಾಟಲಿ ನೋಡಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.

ಈಗ ನನ್ನ ತಮ್ಮನ ವಿಷಯ. 2009ರ ನವೆಂಬರ್. ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟು ರಾತ್ರಿಯೇ ಕೊಡುತ್ತಿದ್ದ ಕಾಲ. ಹನ್ನೊಂದು ಗಂಟೆಗೆ ಕಬ್ಬಿಗೆ ನೀರು ಕಟ್ಟಲು ಹೋದ. ಬರಿಗಾಲು, ಟಾರ್ಚಿನ ಸೆಲ್ಲು ವೀಕು. ಬದುವಿನ ಮೇಲೆ ಹಿಮ್ಮಡಿಗೆ ಕಚ್ಚಿತು. ಟವೆಲಿನಿಂದ ಬಿಗಿಯಾಗಿ ಕಟ್ಟಿ, ಪಕ್ಕದೂರಿನಲ್ಲಿ ನಾರು ಬೇರು ಕೊಡುವವರ ಮನೆಗೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲೇ ಕೆಲಸ ಮಾಡುವ ಅಕ್ಕ ಇದ್ದಾಳೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಅಲ್ಲಿ ಎರಡು ಗಂಟೆಗೂ ಮೇಲೆ ಹೋಯಿತು. ಆಸ್ಪತ್ರೆಗೆ ಬಂದಾಗ ಬೆಳಗಿನ ಜಾವ ಎರಡು ಕಾಲು, ನನ್ನನ್ನು ಕ್ವಾರ್ಟರ್ಸಿನಿಂದ ಎಬ್ಬಿಸಿದರು.

ಪರೀಕ್ಷೆ ಬಹಳ ಸುಲಭ. ಎರಡು ಎಂಎಲ್ ರಕ್ತ, ಒಣಗಿದ ಹೊಸ ಗಾಜಿನ ಟ್ಯೂಬು, 20 ನಿಮಿಷ ಅಲ್ಲಾಡಿಸದೆ ಇಡಬೇಕು. ಆಮೇಲೆ ಒಂದು ಸಲ ಓರೆ ಮಾಡಬೇಕು. ಗಟ್ಟಿ ನಿಂತರೆ ಸದ್ಯಕ್ಕೆ ಪರವಾಗಿಲ್ಲ. ಹರಿದರೆ ಮದ್ದು ಬೇಕೇ ಬೇಕು. ಆ 20 ನಿಮಿಷ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಓರೆ ಮಾಡಿದಾಗ ಆರತಿ ತಟ್ಟೆಯ ಓಕುಳಿಯ ಹಾಗೆ ಹರಿಯಿತು.

ಇಲ್ಲಿ ಒಂದು ಮಾತು, ಲ್ಯಾಬಿನವರಿಗೆ ಮಾತ್ರ ಅರ್ಥವಾಗುವ ಸಂಕಟ. ಈ ಪರೀಕ್ಷೆಗೆ ಪ್ಲಾಸ್ಟಿಕ್ ಟ್ಯೂಬು ಆಗುವುದಿಲ್ಲ. ರಕ್ತ ಹೆಪ್ಪಾಗಲು ಗಾಜಿನ ಮೈ ಬೇಕು. ಸೋಪಿನಲ್ಲಿ ತೊಳೆದ ಗಾಜೂ ಆಗುವುದಿಲ್ಲ, ಚೆನ್ನಾಗಿರುವವನ ರಕ್ತವೂ ಅದರಲ್ಲಿ ಹರಿದು ಬಿಡಬಹುದು. ಒಂದು ವರ್ಷ ನಮಗೆ ಸರಬರಾಜಿನಲ್ಲಿ ಬರೀ ಪ್ಲಾಸ್ಟಿಕ್ ಬಂತು. ಕೇಳಿದರೆ "ಟ್ಯೂಬು ಟ್ಯೂಬೇ ಅಲ್ವಾ" ಎಂದರು. ಅಂದಿನಿಂದ ನನ್ನ ದುಡ್ಡಿನಲ್ಲಿ ಒಂದು ಡಬ್ಬ ಗಾಜಿನ ಟ್ಯೂಬು ತಂದು ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡೆ. ನಿವೃತ್ತಿ ದಿನ ಅದನ್ನು ಮುಂದಿನ ಹುಡುಗಿಯ ಕೈಗೆ ಕೊಟ್ಟು, ಹಾರ ಆಮೇಲೆ ಹಾಕಿಸಿಕೊಂಡೆ.

ತಮ್ಮನಿಗೆ ಹಾವಿನ ವಿಷ ತಡೆಯುವ ಮದ್ದು ಹತ್ತು ವಯಲ್, ಅಂದರೆ ಹತ್ತು ಪುಟ್ಟ ಸೀಸೆ, ಹಾಕಿದರು. ಹತ್ತೇ ಯಾಕೆ ಎಂದು ಆ ರಾತ್ರಿ ಡ್ಯೂಟಿ ಡಾಕ್ಟರ್ ನನಗೆ ಕಾಗದದ ಮೇಲೆ ಬರೆದು ತೋರಿಸಿದರು, ನನ್ನ ಮನಸ್ಸು ಬೇರೆ ಕಡೆ ಹೋಗಲಿ ಅಂತ ಇರಬೇಕು. ಒಂದು ಎಂಎಲ್ ಮದ್ದು ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ತಡೆಯುತ್ತದೆ. ಒಂದು ವಯಲ್ಲಿಗೆ 10 ಎಂಎಲ್, ಅಂದರೆ 6 ಮಿಲಿಗ್ರಾಂ. ಆ ಹಾವು ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ಬಿಡುತ್ತದೆ. ಹತ್ತು ವಯಲ್ಲಿಗೆ 60. ಅಲ್ಲಿಗೆ ಹೆಚ್ಚು ಕಡಿಮೆ ಸರಿ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬು. ಮತ್ತೆ ಹರಿಯಿತು. ಮತ್ತೆ ಹತ್ತು. ಮೂರನೇ ಟ್ಯೂಬು ನಿಂತಿತು.

ರಕ್ತ ನಿಂತಿತು, ಮೂತ್ರ ಮಾತ್ರ ಬರಲಿಲ್ಲ. ಮೈಸೂರಿನಲ್ಲಿ ಮೂರು ವಾರ ಡಯಾಲಿಸಿಸ್. ನಾವು ಒಂದು ಎತ್ತಿನ ಜೋಡಿ ಮಾರಿದೆವು. ಈ ಮದ್ದು ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಆಗಿಹೋದ ಹಾಳನ್ನು ರಿಪೇರಿ ಮಾಡುವುದಿಲ್ಲ. ನಾರು ಬೇರಿನ ಮನೆಯಲ್ಲಿ ಕಳೆದ ಎರಡು ಗಂಟೆಯ ಬೆಲೆ ಅದು.

ಹಾಗಾಗಿ ನನ್ನನ್ನು ಕೇಳಿದರೆ, ದೊಡ್ಡ ಹೆಡ್‌ಲೈನ್ ಆಂಟಿಬಾಡಿಗಿಂತ ನಮಗೆ ಹತ್ತಿರದ ಸಂಶೋಧನೆ ಬೇರೆ ಇದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ಮಾತ್ರೆ. ಮೇಲೆ ಹೇಳಿದ ವರೆಸ್ಪ್ಲಾಡಿಬ್ ಬಾಯಿಂದ ನುಂಗಬಹುದಾದ ಔಷಧ. ಮೊದಲು ಹೃದಯದ ಕಾಯಿಲೆಗೆ ಎಂದು ಪರೀಕ್ಷೆ ಮಾಡಿ ಆಗಲಿಲ್ಲ. ಮಾರಿಮಾಸ್ಟಾಟ್ ಎಂಬ ಇನ್ನೊಂದು, ಕ್ಯಾನ್ಸರಿಗೆ ಎಂದು ಮಾಡಿ ಅಲ್ಲಿ ಫೇಲಾದದ್ದು. ಮೊದಲನೆಯದು ವಿಷದಲ್ಲಿರುವ ಒಂದು ಬಗೆಯ ಕಿಣ್ವವನ್ನು ತಡೆದರೆ, ಎರಡನೆಯದು ಬೇರೆ ಬಗೆಯದನ್ನು ತಡೆಯುತ್ತದೆ. ಇಂಗ್ಲೆಂಡಿನ ಲಿವರ್‌ಪೂಲಿನವರು 2020ರಲ್ಲಿ ಎರಡನ್ನೂ ಸೇರಿಸಿ ಮಂಡಲದ ಜಾತಿಯ ವಿಷಗಳಿಗೆ ಇಲಿಗಳಲ್ಲಿ ನೋಡಿದರು, ಇಲಿಗಳು ಬದುಕಿಕೊಂಡವು. ಆ ಪಟ್ಟಿಯಲ್ಲಿ ನಮ್ಮ ಕೊಳಕುಮಂಡಲವೂ ಇತ್ತು! ವರೆಸ್ಪ್ಲಾಡಿಬ್ ಮಾತ್ರೆಯನ್ನು ಭಾರತದ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಮನುಷ್ಯರಿಗೂ ಕೊಟ್ಟು ನೋಡಿದ್ದಾರೆ. ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಮುಚ್ಚಿಟ್ಟು ಏನು ಪ್ರಯೋಜನ. ಆದರೂ ನನ್ನ ಆಸೆ ಅದರ ಮೇಲೇ. ಫ್ರಿಜ್ಜು ಬೇಡ, ಡ್ರಿಪ್ಪು ಬೇಡ, ಡೇರಿಯ ಡ್ರಾಯರಿನಲ್ಲಿ ಇಡಬಹುದಾದ ಒಂದು ಸ್ಟ್ರಿಪ್ ಮಾತ್ರೆ, ಆಸ್ಪತ್ರೆ ತಲುಪುವವರೆಗೆ ಒಂದು ಗಂಟೆ ಉಳಿಸಿಕೊಟ್ಟರೆ ಸಾಕಿತ್ತು. ಆ ಒಂದು ಗಂಟೆ ಏನು ಅಂತ ನನಗೆ ಗೊತ್ತು.

ಈಗಿರುವ ಮದ್ದಿನ ಕಥೆಯೂ ಜನಕ್ಕೆ ಗೊತ್ತಿರಬೇಕು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಿಂದ ಆಂಟಿಬಾಡಿ ತೆಗೆಯುವುದು. 1890ರ ದಶಕದಲ್ಲಿ ಫ್ರಾನ್ಸಿನ ಕಾಲ್ಮೆಟ್ ಹಾಕಿದ ದಾರಿ, ಇವತ್ತಿಗೂ ಮೂಲದಲ್ಲಿ ಅದೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಒಂದೇ ವಯಲ್. ಅದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. 1978ರಿಂದ ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವವರು ಅವರು. ಅವರಿಗೆ ಕೈಮುಗಿಯಬೇಕು. ಆದರೆ ಹಾವಿನ ವಿಷ ಊರಿಂದ ಊರಿಗೆ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯವರು ದೇಶದ 34 ಕಡೆಯಿಂದ 115 ಕೊಳಕುಮಂಡಲಗಳ ವಿಷ ನೋಡಿ, ಮಳೆ ಮತ್ತು ಬಿಸಿಲಿಗೆ ತಕ್ಕಂತೆ ಅದು ಬದಲಾಗುವುದನ್ನು 2025ರಲ್ಲಿ ತೋರಿಸಿದರು. ಒಣ ಸೀಮೆಯ ಹಾವಿನಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವದ ಆಟ ಜಾಸ್ತಿಯಂತೆ. ರಾಗಿಯ ರುಚಿ ಮಣ್ಣಿಗೆ ತಕ್ಕಂತೆ ಬದಲಾಗುವುದಿಲ್ವೇ, ಹಾಗೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ಎಲ್ಲ ಸೀಮೆಗೂ ಒಂದೇ ಹದದಲ್ಲಿ ಕೆಲಸ ಮಾಡಬೇಕು ಎಂದು ನಿರೀಕ್ಷಿಸುವುದು ಕಷ್ಟ. ಮಲೆನಾಡಿನಲ್ಲಿ ಗುಳಿಮಂಡಲದ ಜಾತಿಯವು ಕಚ್ಚಿದರಂತೂ ಈ ವಯಲ್ ಅದಕ್ಕಾಗಿ ಮಾಡಿದ್ದೇ ಅಲ್ಲ.

ಇಷ್ಟೆಲ್ಲ ಕೊರತೆ ಹೇಳಿದೆ ಎಂದು ಯಾರೂ ಆ ವಯಲ್ಲಿನ ಮೇಲೆ ನಂಬಿಕೆ ಕಳೆದುಕೊಳ್ಳಬೇಡಿ. ಇವತ್ತಿಗೆ ಇರುವುದು ಅದೊಂದೇ. ನನ್ನ ತಮ್ಮ ಬದುಕಿದ್ದು ಅದರಿಂದಲೇ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಒಂದು ದೊಡ್ಡ ಅಧ್ಯಯನದ ಲೆಕ್ಕ. ವರ್ಷಕ್ಕೆ 58,000. ಇವರಲ್ಲಿ ಹೆಚ್ಚಿನವರು ಸತ್ತಿದ್ದು ಆಸ್ಪತ್ರೆಯ ಹೊರಗೆ, ಹಳ್ಳಿಯಲ್ಲಿ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು, ಒಳ್ಳೆಯದಾಯಿತು. ಎಲ್ಲಿ ಎಷ್ಟು ವಯಲ್ ಬೇಕು ಎಂದಾದರೂ ಗೊತ್ತಾಗುತ್ತದೆ.

ಆದರೆ ವರದಿಯಲ್ಲಿ 'ಗುಣಮುಖ' ಎಂದು ಬರೆದವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಎರಡು ವರ್ಷ ಆದ ಮೇಲೆ ನನ್ನ ತಮ್ಮನಿಗೆ ಗಡ್ಡ ಬೆಳೆಯುವುದು ನಿಂತಿತು. "ಬ್ಲೇಡಿನ ದುಡ್ಡು ಉಳೀತು ಬಿಡು" ಎಂದು ನಗುತ್ತಿದ್ದ. ಬೇಸಿಗೆಯಲ್ಲೂ ಕಂಬಳಿ ಹೊದೆಯುವವನು, ನಾಲ್ಕು ಹೆಜ್ಜೆಗೆ ಸುಸ್ತು. ಸೋಮಾರಿಯಾಗಿದ್ದಾನೆ ಎಂದು ಮನೆಯವರು ಬೈದರು, ನಾನೂ ಬೈದೆ. ಕೊನೆಗೆ ಮೈಸೂರಿನ ಒಬ್ಬ ಡಾಕ್ಟರ್, "ಹಿಂದೆ ಹಾವು ಏನಾದರೂ ಕಚ್ಚಿತ್ತಾ?" ಎಂದು ಕೇಳಿದರು. ಮೈಯ ಹಾರ್ಮೋನುಗಳನ್ನು ನಡೆಸುವ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿಗೆ ಹಾವು ಕಚ್ಚಿದಾಗಲೇ ಏಟು ಬಿದ್ದಿತ್ತು. ಕೊಳಕುಮಂಡಲ ಕಚ್ಚಿದ ಕೆಲವರಲ್ಲಿ ಹೀಗಾಗುತ್ತದೆ, ದಕ್ಷಿಣ ಭಾರತದಲ್ಲೂ ಬರ್ಮಾದಲ್ಲೂ ಡಾಕ್ಟರುಗಳು ಬರೆದಿಟ್ಟಿದ್ದಾರೆ. ಈಗ ದಿನಾ ಎರಡು ಮಾತ್ರೆ ನುಂಗುತ್ತಾನೆ, ಗದ್ದೆಗೆ ಹೋಗುತ್ತಾನೆ, ಗಂಬೂಟು ಹಾಕಿಕೊಂಡು. 31 ವರ್ಷ ಲ್ಯಾಬಿನಲ್ಲಿದ್ದ ನನಗೇ ಇದು ಹೊಳೆಯಲಿಲ್ಲ. ಹಾವು ಕಚ್ಚಿ ಉಳಿದವರು ನಿಮ್ಮ ಓದುಗರಲ್ಲಿ ಖಂಡಿತ ಇರುತ್ತಾರೆ. ಸುಸ್ತು, ಚಳಿ, ಮುಟ್ಟು ನಿಲ್ಲುವುದು, ಕೂದಲು ಉದುರುವುದು ಇದ್ದರೆ ಡಾಕ್ಟರಿಗೆ ಹಳೆಯ ಹಾವಿನ ವಿಷಯ ಹೇಳಿ ಎಂದು ದಯವಿಟ್ಟು ಒಂದು ಸಾಲು ಹಾಕಿ.

ಇನ್ನೊಂದು ಕೋರಿಕೆ. ಮುಂದೆ ಇಂಥ ಸಂಶೋಧನೆಯ ಸುದ್ದಿ ಬಂದಾಗ ಯಾವ ಹಾವು, ಇಲಿಯೋ ಮನುಷ್ಯನೋ, ಈ ಎರಡನ್ನು ಮೊದಲ ಪ್ಯಾರಾದಲ್ಲೇ ಹೇಳಿ. ಹತ್ತನೇ ಪ್ಯಾರಾವನ್ನು ಡೇರಿ ಗೋಡೆಗೆ ಯಾರೂ ಅಂಟಿಸುವುದಿಲ್ಲ, ಕತ್ತರಿ ಅಲ್ಲಿಗೆ ಹೋಗುವುದೇ ಇಲ್ಲ.

ಅಂದು ಡೇರಿಯಿಂದ ಹೊರಡುವ ಮೊದಲು ಲೆಕ್ಕ ಬರೆಯುವ ಕೆಂಪು ಪೆನ್ನು ಇಸಕೊಂಡು, ಆ ತುಣುಕಿನ ಕೆಳಗೆ ದಪ್ಪಗೆ ಬರೆದು ಬಂದೆ: 'ಕೊಳಕುಮಂಡಲಕ್ಕೆ ಅಲ್ಲ. ಕಟ್ಟಬೇಡಿ, ಕೊಯ್ಯಬೇಡಿ, 108ಕ್ಕೆ ಫೋನ್ ಮಾಡಿ.' ಹುಡುಗ ಪಕ್ಕದಲ್ಲಿ ನಿಂತು ಓದಿ, "ನಾಗರಹಾವಿನ ಫೋಟೋ ಮಾತ್ರ ಇರಲಿ ಬಿಡಿ ಅಮ್ಮ, ಚೆನ್ನಾಗಿದೆ" ಎಂದ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಮಂಡ್ಯ ಜಿಲ್ಲೆ